ಬಿಸಿಲು ಬೀಳದ ಗೋಡೆ

ನಮ್ಮ ಊರಿನಲ್ಲಿ ಹೆಂಗಸರು ಬೇಗ ಬೇಗ ನಡೆಯುತ್ತಾರೆ. ಹೊರಗಿನಿಂದ ಬಂದವರು ಇದನ್ನು ನೋಡಿ, ಪಾಪ, ಇವರಿಗೆ ಎಷ್ಟು ಕೆಲಸವೋ ಎಂದುಕೊಳ್ಳುತ್ತಾರೆ. ಕೆಲಸವೇನೋ ಇದೆ, ಆದರೆ ಆ ನಡಿಗೆಗೆ ಕಾರಣ ಅದಲ್ಲ. ಇಲ್ಲಿ ಒಂದು ಕಡೆ ಹಾಲು ಉಕ್ಕಿ ಬರುವಷ್ಟು ಹೊತ್ತು ನಿಂತರೆ ನೆರಳು ಅಲ್ಲೇ ಉಳಿಯುತ್ತದೆ. ನಾವು ಮನೆಗೆ ಬಂದು ಕಾಲು ತೊಳೆದುಕೊಂಡು ಒಲೆಯ ಮುಂದೆ ಕೂತಿದ್ದರೂ ಬಾವಿಕಟ್ಟೆಯ ಹತ್ತಿರ, ಬಳೆ ಅಂಗಡಿಯ ಎದುರು, ಯಾರದೋ ಮನೆಯ ಹಿತ್ತಲ ಬಾಗಿಲಲ್ಲಿ ನಮ್ಮ ನೆರಳು ಇನ್ನೂ ಮೂರು ತಾಸು ನಿಂತೇ ಇರುತ್ತದೆ. ಸೊಂಟದ ಮೇಲಿಟ್ಟ ಕೈ, ಜಾರಿದ ಸೆರಗು, ಪಕ್ಕದಲ್ಲಿದ್ದವರು ಯಾರು, ಎಲ್ಲವೂ ಅದರಲ್ಲಿ ಇರುತ್ತದೆ. ಆಮೇಲೆ ಬಿಸಿಲು ಅದನ್ನು ನಿಧಾನವಾಗಿ ತಿಂದುಹಾಕುತ್ತದೆ.

ಗಂಡಸರ ನೆರಳೂ ಉಳಿಯುತ್ತದೆ, ಅದನ್ನು ಯಾರೂ ಅಷ್ಟಾಗಿ ಓದುವುದಿಲ್ಲ. ನೆರಳಿನ ಮೇಲೆ ಕಾಲಿಡಬಾರದು, ನೆರಳು ಕಂಡು ಯಾರದೆಂದು ಹೆಸರು ಹಿಡಿದು ಹೇಳಬಾರದು ಎಂಬ ರಿವಾಜು ನಮ್ಮಲ್ಲಿದೆ. ಕಟ್ಟಳೆ ಇರುವುದು ಬಾಯಿಗೆ ಮಾತ್ರ, ಕಣ್ಣಿಗಿಲ್ಲ. ನನ್ನ ಗಂಡ ಕೆಟ್ಟವರಲ್ಲ. ಮದುವೆಯಾದಾಗಿನಿಂದ ಒಂದು ಸಲವೂ ಎಲ್ಲಿಗೆ ಹೋಗಿದ್ದೆ ಎಂದು ನನ್ನನ್ನು ಕೇಳಿಲ್ಲ. ಆದರೆ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಹೊಸ್ತಿಲಿನ ಆಚೆ ಈಚೆ ಒಮ್ಮೆ ಕಣ್ಣಾಡಿಸುತ್ತಾರೆ. ಎಲ್ಲ ಮನೆಗಳಲ್ಲೂ ಎಲ್ಲರೂ ಹಾಗೆ ಕಣ್ಣಾಡಿಸುತ್ತಾರೆ. ಹಾಗಾಗಿ ಮೋಡ ಕವಿದ ದಿನವೆಂದರೆ ನಮಗೆ ಹಬ್ಬ. ಅವತ್ತು ಓಣಿ ತುಂಬ ಹೆಂಗಸರು. ಯಾರಿಗೂ ಯಾರಲ್ಲಿಯೂ ಕೆಲಸವಿರುವುದಿಲ್ಲ, ಸುಮ್ಮನೆ ನಿಂತಿರುತ್ತಾರೆ.

ಮೋಡಕ್ಕಾಗಿ ಕಾಯದೆ ನಿಲ್ಲಲು ನನಗೊಂದು ಜಾಗವಿತ್ತು.

ನಾನು ಇಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆಯ ಹಿಂದೆ ಮುಚ್ಚಿಹೋದ ಒಂದು ಎಣ್ಣೆ ಗಿರಣಿ ಇದೆ. ಅದರ ಗೋಡೆಗೂ ನಮ್ಮ ಗೋಡೆಗೂ ನಡುವೆ ಎರಡು ಮಾರು ಅಗಲದ ಸಂದಿ. ಎರಡೂ ಗೋಡೆ ಎತ್ತರವಾಗಿರುವುದರಿಂದ ಅಲ್ಲಿಗೆ ವರ್ಷದ ಯಾವ ದಿನವೂ ಬಿಸಿಲು ಇಳಿಯುವುದಿಲ್ಲ. ಬಿಸಿಲಿಲ್ಲದಲ್ಲಿ ನೆರಳೆಲ್ಲಿಂದ ಬರಬೇಕು? ಹನ್ನೊಂದು ವರ್ಷಗಳಿಂದ ಮಧ್ಯಾಹ್ನದ ಬಿಡುವಿನಲ್ಲಿ ನಾನು ಆ ಸಂದಿಗೆ ಹೋಗಿ, ಚಪ್ಪಲಿ ಬಿಟ್ಟು, ತಣ್ಣಗಿನ ಕಲ್ಲಿನ ಮೇಲೆ ಬರಿಗಾಲಿಟ್ಟು, ಗೋಡೆಗೆ ಬೆನ್ನು ಕೊಟ್ಟು ಇಪ್ಪತ್ತು ನಿಮಿಷ ನಿಲ್ಲುತ್ತಿದ್ದೆ. ಅಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದರೆ ಹೇಳಲು ಏನೂ ಇಲ್ಲ. ಒಮ್ಮೊಮ್ಮೆ ಅಳುತ್ತಿದ್ದೆ, ಅದೂ ದೊಡ್ಡ ಕಾರಣಕ್ಕಲ್ಲ. ಒಮ್ಮೊಮ್ಮೆ ನನ್ನಷ್ಟಕ್ಕೆ ನಾನು ನಗುತ್ತಿದ್ದೆ. ಹೆಚ್ಚಿನ ದಿನ ಏನೂ ಇಲ್ಲ. ಆ ಇಪ್ಪತ್ತು ನಿಮಿಷ ನಾನು ಎಲ್ಲಿದ್ದೆ ಎಂದು ಈ ಊರಿನಲ್ಲಿ ಯಾರಿಂದಲೂ ಹೇಳಲಾಗುತ್ತಿರಲಿಲ್ಲ. ನನಗೆ ಬೇಕಾಗಿದ್ದುದು ಅಷ್ಟೆ.

ನಮ್ಮ ಶಾಲೆಯಲ್ಲಿ ಪ್ರಯೋಗಾಲಯವೆಂದರೆ ಒಂದು ಬೀರು, ಅದರೊಳಗೆ ಮೂರು ಪ್ರನಾಳ, ಬಾಲ ಮುರಿದ ಒಂದು ಮೀನಿನ ಮಾದರಿ. ಈ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯರು, ಅಳೆಯುವ ಯಂತ್ರಗಳನ್ನು ನಾವೇ ಮಾಡಿಕೊಳ್ಳೋಣ ಎಂದು ಹಟ ಹಿಡಿದರು. ಹಟದ ಮುಂಚೂಣಿಯಲ್ಲಿದ್ದವಳು ಕಸ್ತೂರಿ. ಮಾತು ಕಡಿಮೆ, ಬೆರಳು ಉದ್ದ, ಉಗುರಿನ ಸಂದಿಯಲ್ಲಿ ಯಾವಾಗಲೂ ಬೆಸುಗೆಯ ಮಸಿ. ಅವಳಿಗೆ ಜೋಡಿ ಹಲೀಮಾ. ಕಸ್ತೂರಿ ಆಡದೆ ಉಳಿಸಿದ ಮಾತನ್ನೆಲ್ಲ ಆಡಿ ಮುಗಿಸುವವಳು ಇವಳು. ಬೆಳಕು ಬಿದ್ದರೆ ವಿದ್ಯುತ್ತನ್ನು ಹೆಚ್ಚು ಬಿಡುವ, ಕತ್ತಲಾದರೆ ತಡೆಯುವ ಒಂದು ಪುಟ್ಟ ಬಿಲ್ಲೆ ಸಿಗುತ್ತದೆ, ಗುಂಡಿಗಿಂತ ಚಿಕ್ಕದು, ಮುಖದ ಮೇಲೆ ಹಾವು ಹರಿದಂತೆ ಒಂದು ಗೆರೆ. ಅದನ್ನು ಕಪ್ಪು ಕಾಗದದ ಕೊಳವೆಯೊಳಗೆ ಕೂರಿಸಿ, ಒಂದು ಬೋರ್ಡಿಗೆ ಜೋಡಿಸಿ, ಹಳೆಯ ಮೊಬೈಲಿನ ಬ್ಯಾಟರಿಯಿಂದ ಕರೆಂಟು ಕೊಟ್ಟರು. ಮಾತ್ರೆ ಡಬ್ಬಿಯೇ ಅದರ ಮನೆ. ಕೊಳವೆಯನ್ನು ಯಾವುದರ ಕಡೆ ಹಿಡಿದರೆ ಅಲ್ಲಿಯ ಬೆಳಕು ಎಷ್ಟೆಂದು ಅಂಕಿ ಮೂಡುತ್ತಿತ್ತು. ಒಬ್ಬರ ಒಂದು ಹೊತ್ತಿನ ಊಟದ ಖರ್ಚಿನಲ್ಲಿ ಒಂದು ಯಂತ್ರ ಮುಗಿಯಿತು. ಮಗುವಿನ ಜ್ವರ ನೋಡುವ ತಾಯಿಯಂತೆ ಕಸ್ತೂರಿ ಎಲ್ಲದರ ಹತ್ತಿರವೂ ಅದನ್ನು ಹಿಡಿದು ನೋಡಿದಳು: ಕರಿಹಲಗೆ, ಕಿಟಕಿ, ಹಲೀಮಾಳ ಬಾಯಿ.

"ನನ್ನ ಬಾಯಾಗ ಎಷ್ಟ ಬಂತಲೇ?" ಎಂದು ಹಲೀಮಾ ಕೇಳಿದಳು.

"ಹನ್ನೆರಡು. ಕತ್ತಲಿ ಗವಿ."

ಸುದ್ದಿ ಮೇಲಿನವರಿಗೆ ಹೋಗಿ, ಶನಿವಾರ ಪರಿವೀಕ್ಷಕರು ಬರುತ್ತಾರೆಂದು ಗೊತ್ತಾಯಿತು. ಅವರಿಗೆ ಒಪ್ಪಿಗೆಯಾದರೆ ಸುತ್ತಲಿನ ಎಲ್ಲ ಶಾಲೆಗಳಿಗೂ ಇಂಥ ಯಂತ್ರಗಳನ್ನು ನಮ್ಮ ಹುಡುಗಿಯರೇ ಮಾಡಿಕೊಡಬೇಕು. ದೀಪದಿಂದ ದೂರ ಸರಿದಂತೆ ಗೋಡೆಯ ಮೇಲಿನ ಬೆಳಕು ಹೇಗೆ ಕಡಿಮೆಯಾಗುತ್ತದೆ ಎಂಬುದನ್ನು ಅಳೆದು ತೋರಿಸುವುದೆಂದು ಗೊತ್ತುಮಾಡಿಕೊಂಡೆವು. ಸರಳ ಪ್ರಯೋಗ. ಆದರೆ ನಮ್ಮೂರಿನಲ್ಲಿ ಸರಳವಲ್ಲ. ತರಗತಿಯ ಗೋಡೆಗಳ ಮೇಲೆ ಬೆಳಗಿನ ಹುಡುಗರು, ಮಧ್ಯಾಹ್ನದ ಹುಡುಗರು ಒಬ್ಬರ ಮೇಲೊಬ್ಬರು ನೆರಳಾಗಿ ನಿಂತಿರುತ್ತಾರೆ. ಯಂತ್ರ ಎಲ್ಲರನ್ನೂ ಎಣಿಸಿಬಿಡುತ್ತಿತ್ತು.

"ಅಕ್ಕೋರ, ಗಿರಣಿ ಸಂದ್ಯಾಗ ಮಾಡೂಣ್ರಿ," ಎಂದಳು ಕಸ್ತೂರಿ. "ಅಲ್ಲಿ ನೆರಳ ಬೀಳೂದಿಲ್ಲರಿ."

"ಅಲ್ಲಿ ಚೇಳ ಅದಾವ," ಎಂದೆ.

"ಚೇಳಿಗೆ ನಮ್ಮ ಹಲೀಮಾನ ಮಾತ ಕೇಳ್ಸೂಣ್ರಿ, ತಾವ ಓಡಿ ಹೋಗ್ತಾವ."

ಬೇಡವೆನ್ನಲು ಒಳ್ಳೆಯ ಕಾರಣ ಸಿಗಲಿಲ್ಲ. ಒಂದು ವಾರ ಬಿಡುವಿನಲ್ಲಿ ಎಲ್ಲಿಗೂ ಹೋಗದಿದ್ದರಾಯಿತು, ನೆರಳಂತೂ ಇಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ. ಸೋಮವಾರ ಅವರು ಗೋಡೆಯ ಮೇಲೆ ಗೇಣಿಗೊಂದರಂತೆ ಸೀಮೆಸುಣ್ಣದ ಗೆರೆ ಎಳೆದರು. ದೀಪ ಹಚ್ಚುವ ಮೊದಲು ಬರಿ ಗೋಡೆಯನ್ನು ಅಳೆಯಬೇಕು, ಎಲ್ಲ ಗೆರೆಯಲ್ಲೂ ಒಂದೇ ಅಂಕಿ ಬರಬೇಕು. ಕಸ್ತೂರಿ ಕೊಳವೆ ಹಿಡಿದು ಸರಿಯುತ್ತಿದ್ದಳು, ಹಲೀಮಾ ಬರೆದುಕೊಳ್ಳುತ್ತಿದ್ದಳು. ನಾನೂರ ಹನ್ನೆರಡು. ನಾನೂರ ಹನ್ನೊಂದು. ನಾನೂರ ಹನ್ನೆರಡು. ಏಳನೆಯ ಗೆರೆಯಲ್ಲಿ ಮುನ್ನೂರ ಎಪ್ಪತ್ತೊಂದು. ಎಂಟರಲ್ಲಿ ಮತ್ತೆ ನಾನೂರ ಹನ್ನೆರಡು.

ಏಳನೆಯ ಗೆರೆ ನಾನು ಬೆನ್ನು ಕೊಡುತ್ತಿದ್ದ ಜಾಗ.

ಕಸ್ತೂರಿ ಹಿಂದಿರುಗಿ ನೋಡಿದಳು. ಗೋಡೆ ನೋಡಿದರೆ ಒಂದೇ ಸಮ, ಸುಣ್ಣದ ಮಾಸಲು ಬಣ್ಣ, ಕಲೆಯಿಲ್ಲ, ಪಾಚಿಯಿಲ್ಲ. ಮತ್ತೆ ಹಿಡಿದಳು. ಮುನ್ನೂರ ಎಪ್ಪತ್ತೊಂದು. ನನಗೆ ಆ ಕ್ಷಣಕ್ಕೇ ಅರ್ಥವಾಯಿತು. ನಮ್ಮ ಊರಿನವರೆಲ್ಲ ತಲೆತಲಾಂತರದಿಂದ ಮಾಡಿಕೊಂಡು ಬಂದ ತಪ್ಪು ಅದು. ಬಿಸಿಲಿಲ್ಲದಿದ್ದರೆ ನೆರಳಿಲ್ಲವೆಂದು ತಿಳಿದಿದ್ದೆವು. ಆದರೆ ಕಣ್ಣಿಗೆ ಕಾಣುವಷ್ಟು ಬೆಳಕು ಆ ಸಂದಿಯಲ್ಲೂ ಇತ್ತಲ್ಲ! ಮಂದ ಬೆಳಕಿಗೆ ಮಂದ ನೆರಳು, ಕಣ್ಣು ಹಿಡಿಯಲಾರದಷ್ಟು ತೆಳ್ಳಗಿನದು. ಬೇರೆ ಕಡೆಯಾದರೆ ಬಿಸಿಲು ಅದನ್ನು ತಿಂದು ಮುಗಿಸುತ್ತಿತ್ತು. ಇಲ್ಲಿ ತಿನ್ನಲು ಬಿಸಿಲೇ ಇಲ್ಲ. ಹನ್ನೊಂದು ವರ್ಷದ ಒಂದೊಂದು ಇಪ್ಪತ್ತು ನಿಮಿಷವೂ ಅಲ್ಲಿ ಒಂದರ ಮೇಲೊಂದು ಪದರವಾಗಿ ಕೂತಿತ್ತು.

"ಯಂತ್ರ ಕೆಟ್ಟದ," ಎಂದೆ ನಾನು.

ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಬಂತು. ಕಸ್ತೂರಿ ಒಪ್ಪಲಿಲ್ಲ. ಬೇರೆಲ್ಲ ಕಡೆ ಸರಿ ತೋರಿಸುತ್ತದೆ, ಇದೊಂದೇ ಗೆರೆಯಲ್ಲಿ ಹೀಗೆ ಎಂದಳು. "ಒಂದು ಕಡೆ ತಪ್ಪು ಹೇಳೂ ಯಂತ್ರ ಎಲ್ಲಾ ಕಡೆನೂ ತಪ್ಪೇ. ಬೆಸುಗಿ ಸರಿ ಹಾಕಿಲ್ಲ ನೀನು," ಎಂದೆ. ಮಂಗಳವಾರ ಅವಳು ಬೆಸುಗೆಯನ್ನೆಲ್ಲ ಬಿಚ್ಚಿ ಹೊಸದಾಗಿ ಹಾಕಿಕೊಂಡು ಬಂದಳು. ಮುನ್ನೂರ ಎಪ್ಪತ್ತೊಂದು. ಬಿಲ್ಲೆ ಹಳೆಯದಿರಬಹುದು ಎಂದೆ. ಬುಧವಾರ ಬೇರೆ ಬಿಲ್ಲೆ ಹಾಕಿದಳು, ಕೊಳವೆಯನ್ನೂ ಬದಲಿಸಿದಳು. ಮುನ್ನೂರ ಎಪ್ಪತ್ತೊಂದು. ಗುರುವಾರ ಮೂರನೆಯ ಸಲ ಬುಡದಿಂದ ಕಟ್ಟಿ ತಂದಳು. ಕಣ್ಣು ಕೆಂಪಾಗಿದ್ದವು, ತೋರುಬೆರಳಿನ ತುದಿ ಸುಟ್ಟು ಬೊಕ್ಕೆ ಎದ್ದಿತ್ತು. ಏಳನೆಯ ಗೆರೆಯ ಹತ್ತಿರ ಕೊಳವೆ ಹಿಡಿದು, ಅಂಕಿ ಓದಿ, ಏನೂ ಹೇಳದೆ ಡಬ್ಬಿಯನ್ನು ಹಲೀಮಾಳ ಕೈಗೆ ಕೊಟ್ಟಳು.

"ಶನಿವಾರ ನೀನ ತೋರ್ಸು. ನಾ ಬರೂದಿಲ್ಲ."

"ಯಾಕಲೇ?"

"ನನ್ನ ಕೈಗೆ ಹತ್ತೂದಿಲ್ಲ ಇದು. ನನಗ ಸರಿ ಅನಸ್ತಿತ್ತು. ಮೂರೂ ಸಲ ಸರಿ ಅನಸ್ತು. ಸರಿ ಅನಸೂದ ತಪ್ಪಾದ್ರ ಮುಂದ ಏನ ಮಾಡೂದು?"

ಹಲೀಮಾ ಡಬ್ಬಿ ಹಿಡಿದುಕೊಂಡು ಅವಳ ಹಿಂದೆ ಓಡಿದಳು. ಅವತ್ತೇ ಹೆಡ್‌ಮಾಸ್ತರರು ವಿಚಾರಿಸಿದಾಗ ಅವರಿಗೂ ಯಂತ್ರ ಕೆಟ್ಟಿದೆಯೆಂದೇ ಹೇಳಿದೆ. ವಿಜ್ಞಾನದ ಮೊದಲ ಪಾಠವೆಂದು ಪ್ರತಿ ವರ್ಷ ನಾನು ಹಲಗೆಯ ಮೇಲೆ ಬರೆಸುವುದು ಒಂದೇ ಮಾತು: ಕಂಡದ್ದನ್ನು ಬರೆಯಿರಿ, ಬರೆದದ್ದನ್ನು ಅಳಿಸಬೇಡಿ. ಕಂಡದ್ದನ್ನೇ ಬರೆದವಳಿಗೆ ನಾನು ಅವಳ ಕಣ್ಣು, ಕೈ, ಎರಡೂ ಸುಳ್ಳೆಂದು ಮೂರು ದಿನ ಹೇಳಿದ್ದೆ. ನಿಜ ಹೇಳಿದರೆ ಈ ಊರಿನಲ್ಲಿ ನನಗೆ ನಿಲ್ಲಲು ಒಂದು ಅಂಗೈಯಗಲ ಜಾಗವೂ ಉಳಿಯುವುದಿಲ್ಲ. ಹೇಳದಿದ್ದರೆ ಆ ಹುಡುಗಿ ಇನ್ನು ಮುಂದೆ ತನಗೆ ಸರಿ ಅನಿಸಿದ್ದನ್ನು ನಂಬುವುದಿಲ್ಲ.

ಆ ಸಂಜೆ ಮನೆಯಲ್ಲಿ ಅತ್ತೆ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು. ನಾಲಗೆ ಇನ್ನೂ ಮೂವತ್ತರದ್ದು. ನನ್ನ ಮಾಸ್ತರಿಕೆಯ ಬಗ್ಗೆ ಅವರಿಗೆ ಮೊದಲಿನಿಂದಲೂ ತಮಾಷೆ. ನಾನು ಪಕ್ಕದಲ್ಲಿ ಕೂತು ಒಂದು ಹಿಡಿ ಶೇಂಗಾ ಎತ್ತಿಕೊಂಡೆ.

"ಮಾರಿ ಯಾಕ ಸೊಟ್ಟ ಆಗೇತಿ? ಸಾಲ್ಯಾಗ ಹುಡುಗೂರು ನಿನಗ ಪರೀಕ್ಷಾ ಇಟ್ಟಿದ್ರೇನ?"

"ಅತ್ತೀ, ಬಿಸಿಲ ಬೀಳದ ಗ್ವಾಡಿ ಮ್ಯಾಲೂ ನೆರಳ ಉಳೀತದಂತ."

ಅವರ ಬೆರಳುಗಳು ನಿಂತವು. ಒಡೆದ ಸಿಪ್ಪೆ ಕೈಯಲ್ಲೇ ಇತ್ತು.

"ಯಾವ ಗ್ವಾಡಿ?"

"ನಮ್ಮ ಸಾಲಿ ಹಿಂದಿಂದು."

"ಗಿರಣಿ ಸಂದ್ಯಾಗಿಂದ?" ಎಂದರು. ಆಮೇಲೆ ಸ್ವಲ್ಪ ತಡೆದು, ಶೇಂಗಾದ ಬುಟ್ಟಿಯ ಕಡೆ ನೋಡುತ್ತಲೇ, "ಎಷ್ಟ ಎತ್ತರಕ್ಕೈತಿ?" ಎಂದರು.

ಯಾರದು ಎಂದು ಕೇಳಬಹುದಿತ್ತು, ಯಾಕೆ ಎಂದು ಕೇಳಬಹುದಿತ್ತು. ಅವರು ಕೇಳಿದ್ದು ಎತ್ತರ. ಇಪ್ಪತ್ತಾರು ವರ್ಷ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಂಡವರು ನಾವು. ನಾನು ಅವರ ಮುಖವನ್ನೇ ನೋಡಿದೆ. ಅವರು ನೋಡಗೊಡಲಿಲ್ಲ, ಸಿಪ್ಪೆ ಊದಲು ಮೊರ ಎತ್ತಿಕೊಂಡರು.

"ಅತ್ತೀ, ನೀವೂ?"

"ನೀವೂ ಅಂದ್ರ? ಅಂದ್ರ ನೀನೂ ಏನ?" ಎಂದರು ಥಟ್ಟನೆ. ಎರಡು ಸಲ ಶೇಂಗಾ ಕೇರಿದರು. "ಸಾಲಿಗೆ ನೀರ ಹಾಕಾಕ ಹೋಗತಿದ್ದೆ ನಾ, ಆಗ. ನಿನ್ನ ಗಂಡ ಇನ್ನೂ ಹಾಲ ಕುಡೀತಿದ್ದ. ಕೊಡ ಇಳಿಸಿ ಅಲ್ಲಿ ನಿಂದರತಿದ್ದೆ. ಆರೇಳ ವರ್ಷ ನಿಂತೆ."

"ಯಾಕ?"

"ಏನ ಯಾಕ? ಸುಮ್ಮನ." ಮೊರ ಕೆಳಗಿಟ್ಟರು. "ಅದ ನೋಡವಾ ತೊಡಕು. ಕಳ್ಳಿ ಅಂದ್ರ ನಂಬತಾರ. ಹಾದರಗಿತ್ತಿ ಅಂದ್ರ ಎರಡ ಸಲ ನಂಬತಾರ. ಸುಮ್ಮನ ನಿಂತಿದ್ಲು ಅಂದ್ರ ಹೇಳು, ಯಾರ ನಂಬತಾರ?"

ನಾನು ಕಸ್ತೂರಿಯ ವಿಷಯ ಹೇಳಿದೆ. ಮೂರು ಸಲ ಬಿಚ್ಚಿ ಕಟ್ಟಿದ್ದು, ಬೆರಳು ಸುಟ್ಟುಕೊಂಡದ್ದು, ನಾನು ಆಡಿದ ಮಾತು. ಅತ್ತೆ ಪೂರ್ತಿ ಕೇಳಿದರು. ಬೈಯಬಹುದೆಂದು ಕಾದೆ.

"ನನ್ನ ಅವ್ವ ನನಗ ರೊಟ್ಟಿ ಬಡಿಯಾಕ ಕಲಸೂ ಮುಂದ ಒಂದ ದಿನಾನೂ ಚಲೋ ಆಗೇತಿ ಅನಲಿಲ್ಲ," ಎಂದರು ಅವರು. "ಚಲೋನ ಆಗತಿದ್ದುವು. ಅದು ನನಗ ಗೊತ್ತಾಗಾಕ ನಲವತ್ತ ವರ್ಷ ಹಿಡೀತು." ಮತ್ತೆ ಶೇಂಗಾಕ್ಕೆ ಕೈ ಹಾಕಿದರು. "ಆ ಹುಡುಗಿಗೆ ಹೇಳು. ನನ್ನ ಹೆಸರ ಹೇಳಬ್ಯಾಡ."

ಶುಕ್ರವಾರ ಬಿಡುವಿನಲ್ಲಿ ಕಸ್ತೂರಿಯನ್ನೂ ಹಲೀಮಾಳನ್ನೂ ಸಂದಿಗೆ ಕರೆದೆ. ಕಸ್ತೂರಿ ದೂರ ನಿಂತಳು. ನಾನು ಚಪ್ಪಲಿ ಬಿಟ್ಟು ಏಳನೆಯ ಗೆರೆಗೆ ಬೆನ್ನು ಕೊಟ್ಟು ನಿಂತೆ.

"ನಿನ್ನ ಯಂತ್ರ ಸರಿ ಅದ, ಕಸ್ತೂರಿ. ಸೋಮವಾರನೂ ಸರಿ ಇತ್ತು. ಸುಳ್ಳ ಹೇಳಿದಾಕಿ ನಾನು. ದಿನಾ ಇಲ್ಲಿ ನಿಲ್ಲತೇನಿ ನಾ. ಅದು ಯಾರಿಗೂ ಗೊತ್ತಾಗಬಾರದಂತ ನಿನ್ನ ಕೈಯ ಮ್ಯಾಲೆ ತಪ್ಪ ಹೊರಸಿದೆ."

ಅಳುತ್ತಾಳೆ ಇಲ್ಲವೇ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಮುಖ ನೋಡಲೇ ಇಲ್ಲ. ಗೋಡೆಯನ್ನು ನೋಡುತ್ತಿದ್ದಳು. ಮೂರು ದಿನದಿಂದ ಆರಿಹೋಗಿದ್ದ ಏನೋ ಒಂದು ಆ ಕಣ್ಣಿಗೆ ಮರಳಿ ಬರುತ್ತಿರುವುದು ಕಾಣುತ್ತಿತ್ತು.

"ಅಕ್ಕೋರ, ಹಂಗಾದ್ರ ಎತ್ತರ ಅಳೀಬೇಕಾಗಿತ್ತರಿ. ನಾವು ಅಡ್ಡ ಅಷ್ಟ ಅಳದ್ವಿ." ಹಲೀಮಾಳ ಕೈಯಿಂದ ಡಬ್ಬಿ ಕಸಿದುಕೊಂಡಳು. "ಸ್ವಲ್ಪ ಸರೀರಿ."

ಕೊಳವೆಯನ್ನು ನೆಲದಿಂದ ಶುರುಮಾಡಿ ನಾಲ್ಕು ನಾಲ್ಕು ಬೆರಳಿನಂತೆ ಮೇಲೆ ಒಯ್ದಳು. ಮುನ್ನೂರ ಎಪ್ಪತ್ತೊಂದು, ಎಪ್ಪತ್ತೊಂದು, ಎಪ್ಪತ್ತೊಂದು. ನನ್ನ ಕಿವಿಯ ಮಟ್ಟಕ್ಕೆ ಬಂದಾಗ ಅಂಕಿ ಥಟ್ಟನೆ ಮುನ್ನೂರ ಎಪ್ಪತ್ತೊಂಬತ್ತಾಯಿತು. ಕಸ್ತೂರಿ ನನ್ನ ಕಡೆ ನೋಡಿದಳು, ಗೋಡೆಯ ಕಡೆ ನೋಡಿದಳು. ನನ್ನ ನೆತ್ತಿ ದಾಟಿದ ಮೇಲೆ ಮುನ್ನೂರ ತೊಂಬತ್ತು.

"ಇಲ್ಲಿಗೆ ನೀವು ಮುಗೀಬೇಕಲ್ರಿ? ನಾನೂರ ಹನ್ನೆರಡ ಬರಬೇಕಿತ್ತು."

ಬರಲಿಲ್ಲ. ಹಲೀಮಾ ಬಿಸಿಯೂಟದ ಕೋಣೆಯಿಂದ ಸ್ಟೂಲು ಹೊತ್ತು ತಂದಳು. ನನಗಿಂತ ಮೂರು ಬೆರಳು ಮೇಲೆ, ಗೋಡೆಯಿಂದ ಒಂದು ಕಲ್ಲಿನ ಅಂಚು ಹೊರಚಾಚಿರುವ ಕಡೆ, ಅಂಕಿ ನಾನೂರ ಎರಡಕ್ಕೆ ಏರಿತು. ಅದರ ಮೇಲೆ ಇನ್ನೊಂದು ಗೇಣಿನ ನಂತರ ಕೊನೆಗೂ ನಾನೂರ ಹನ್ನೆರಡು. ಕಸ್ತೂರಿ ಅಂಕಿ ಬದಲಾದ ಕಡೆಯಲ್ಲೆಲ್ಲ ಸೀಮೆಸುಣ್ಣದ ಗೆರೆ ಎಳೆದು, ಸ್ಟೂಲಿನ ಮೇಲಿಂದ ಇಳಿದು, ಪುಸ್ತಕ ತೆಗೆದುಕೊಂಡು ಮೆಟ್ಟಿಲಿನಂಥ ಚಿತ್ರ ಬರೆದಳು.

"ನಾಲ್ಕ ಮೆಟ್ಟಲ ಅದಾವ್ರಿ. ಒಬ್ಬಾಕಿ ನಿಮಗಿಂತ ಗಿಡ್ಡ. ಇಬ್ಬರು ಎತ್ತರ. ಅಕ್ಕೋರ, ಇದು ನಿಮ್ಮೊಬ್ಬರ ನೆರಳಲ್ಲ."

"ಹೆಂಗಸರ ಅಂತ ಹೆಂಗ ಹೇಳತಿ?" ಎಂದಳು ಹಲೀಮಾ. "ಗಂಡಸರೂ ಇರಬಹುದಲ್ಲ?"

"ಗಂಡಸರು ಯಾಕ ಇಲ್ಲಿ ಬಂದು ನಿಂದರತಾರಲೇ? ಅವರಿಗೆ ಚಾದಂಗಡಿ ಐತಿ."

ಆಗ ಸಂದಿಯ ಬಾಯಲ್ಲಿ ಕೆಮ್ಮು ಕೇಳಿಸಿತು. ಅತ್ತೆ. ಕೈಯಲ್ಲಿ ಒಂದು ಊಟದ ಡಬ್ಬಿ. ನಾನು ನನ್ನ ಡಬ್ಬಿ ಮರೆತಿರಲಿಲ್ಲ, ಅದು ನನ್ನ ಚೀಲದಲ್ಲೇ ಇತ್ತು. ಅವರು ತಂದಿದ್ದು ಖಾಲಿ ಡಬ್ಬಿ. ಶಾಲೆಗೆ ಅವರು ಬಂದು ಎಷ್ಟು ವರ್ಷವಾಗಿತ್ತೋ. ಹುಡುಗಿಯರು ನಮಸ್ಕಾರ ಹೇಳಿದರು. ಅತ್ತೆ ಯಾರಿಗೂ ಏನೂ ಹೇಳದೆ ಗೋಡೆಯ ಹತ್ತಿರ ಹೋಗಿ, ಅಂಗೈಯಿಂದ ಒಮ್ಮೆ ಸವರಿ, ಬೆನ್ನು ಕೊಟ್ಟು ನಿಂತರು. ಸರಿಯಾಗಿ ಏಳನೆಯ ಗೆರೆಗೆ.

"ಆಗ ನನ್ನ ತುರುಬು ಈ ಕಲ್ಲಿನ ಅಂಚಿಗೆ ತಾಗತಿತ್ತು," ಎಂದರು.

ಬೆನ್ನು ಬಾಗಿದ್ದರಿಂದ ಈಗ ಅಂಚು ಅವರ ತಲೆಯ ಮೇಲೆ ಒಂದು ಗೇಣಿನಷ್ಟು ದೂರ ಇತ್ತು. ಅವರು ಕೈ ಎತ್ತಿ ಅದನ್ನು ಮುಟ್ಟಿದರು, ಇನ್ನೊಂದು ಕೈಯನ್ನು ತಮ್ಮ ನೆತ್ತಿಯ ಮೇಲಿಟ್ಟರು. ಎರಡು ಕೈಗಳ ನಡುವಿನ ಅಂತರವನ್ನು ನೋಡಲಾಗದೆ ನಮ್ಮನ್ನು ಕೇಳಿದರು, "ಎಷ್ಟಾತ?"

"ಒಂದ ಗೇಣ್ರಿ ಆಯಿ," ಎಂದಳು ಕಸ್ತೂರಿ.

"ಅಷ್ಟ ಎತ್ತರಿದ್ನೇನ ನಾ!" ನನ್ನ ಕಡೆ ತಿರುಗಿ, "ನಿನಗಿಂತ ಎತ್ತರಿದ್ದೆ ಅಂತ ಎಷ್ಟ ಸಲ ಹೇಳಿದ್ರೂ ನಗತಿದ್ದಿ. ಈಗ ಬರದಿಟ್ಟಾಳ ನೋಡು ಈ ಹುಡುಗಿ," ಎಂದರು. ಹೆಸರು ಹೇಳಬೇಡವೆಂದಿದ್ದವರು ತಾವೇ ಬಂದು ನಿಂತು ಗೆದ್ದಂತೆ ನಗುತ್ತಿದ್ದರು. ಆಮೇಲೆ ಅಂಚಿನಿಂದಲೂ ಮೇಲೆ ಎಳೆದಿದ್ದ ಸುಣ್ಣದ ಗೆರೆ ಕಣ್ಣಿಗೆ ಬಿತ್ತು. ನಗು ನಿಂತಿತು.

"ಅದೇನು?"

"ಇನ್ನೊಬ್ಬರ್ರಿ. ನಿಮಗಿಂತ ಎತ್ತರ," ಎಂದಳು ಕಸ್ತೂರಿ.

"ನನಗಿಂತ ಮದಲ ನಿಂತಾಳೋ, ಆಮ್ಯಾಲೋ?"

"ಅದು ಈ ಯಂತ್ರಕ್ಕ ತಿಳಿಯೂದಿಲ್ರಿ."

ಅತ್ತೆ ಬಹಳ ಹೊತ್ತು ಆ ಗೆರೆಯನ್ನು ನೋಡಿದರು. ಅಷ್ಟು ವರ್ಷ ಆ ಗೋಡೆ ತಮ್ಮೊಬ್ಬರದೇ ಎಂದು ತಿಳಿದಿದ್ದವರು. ನಾನೂ ಹಾಗೇ ತಿಳಿದಿದ್ದವಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚು ಆಯಿತೆಂದು ಹೇಳಿದರೆ ನಗಬೇಡಿ. ಮರುಕ್ಷಣ, ಆ ಗಿಡ್ಡ ಹೆಂಗಸು ಯಾರಿರಬಹುದು, ಬಂದು ಏನು ಯೋಚಿಸುತ್ತಿದ್ದಳು, ಚಪ್ಪಲಿ ಬಿಡುತ್ತಿದ್ದಳೋ ಇಲ್ಲವೋ ಎಂದೆಲ್ಲ ತಿಳಿಯುವ ಆಸೆ ಆ ಹೊಟ್ಟೆಕಿಚ್ಚನ್ನು ಮುಳುಗಿಸಿಬಿಟ್ಟಿತು.

"ಅಷ್ಟೆತ್ತರದಾಕಿ ಊರಾಗ ಒಬ್ಬಾಕೇ ಇದ್ಲು," ಎಂದರು ಅತ್ತೆ ಕೊನೆಗೆ.

"ಯಾರ್ರಿ ಆಯಿ?" ಹಲೀಮಾ ಮುಂದೆ ಬಂದಳು.

"ಹೇಳೂದಿಲ್ಲ. ಆಕಿ ಹೇಳಂದಿಲ್ಲ ನನಗ." ಖಾಲಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಬೇಗ ಬೇಗ ನಡೆಯುತ್ತ ಹೊರಟುಹೋದರು.

ಅವರು ಹೋದ ಮೇಲೆ ನಾನು ಕಸ್ತೂರಿಗೆ ಹೇಳಿದೆ, "ನಾಳೆ ಏನ ತೋರಸಬೇಕಂತ ನೀನ ನೋಡು. ಈ ಪುಸ್ತಕ ನಿಂದು. ಅಳಿಸು ಅಂತ ನಾ ಅನ್ನೂದಿಲ್ಲ." ಅವಳು ಪುಸ್ತಕವನ್ನು ಎದೆಗೆ ಒತ್ತಿಕೊಂಡು ತರಗತಿಗೆ ಹೋದಳು. ಏನು ನಿರ್ಧರಿಸಿದಳೆಂದು ತಿಳಿಯದೆ ನಾನು ಮನೆಗೆ ಹೋದೆ.

ಶನಿವಾರ ಪರಿವೀಕ್ಷಕರು ಬಂದರು. ಹೊರಗಿನವರು, ನಮ್ಮ ಊರಿಗೆ ಮೊದಲ ಸಲ. ಅಂಗಳದಲ್ಲಿ ನಿಂತು ಹೆಡ್‌ಮಾಸ್ತರರ ಸ್ವಾಗತದ ಮಾತುಗಳನ್ನು ಪೂರ್ತಿ ಕೇಳಿಸಿಕೊಂಡರು. ಒಳಗೆ ಬಂದ ಮೇಲೆ ಕಿಟಕಿಯಿಂದ ನೋಡಿದರೆ ಅವರ ನೆರಳು ಚೀಲ ಹಿಡಿದುಕೊಂಡು ಇನ್ನೂ ಅಲ್ಲೇ ಸ್ವಾಗತ ಮಾಡಿಸಿಕೊಳ್ಳುತ್ತಿತ್ತು. ಬೆವರು ಒರೆಸಿಕೊಂಡು ಕುರ್ಚಿಯಲ್ಲಿ ಕೂತರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಕಸ್ತೂರಿ ದೀಪದ ಪ್ರಯೋಗವನ್ನು ಬಾಗಿಲು ಮುಚ್ಚಿದ ಉಗ್ರಾಣದಲ್ಲಿ, ಗೋಡೆಗೆ ಹೊಸ ಬಿಳಿ ಹಾಳೆ ಹಚ್ಚಿ ಮಾಡಿ ತೋರಿಸಿದಳು. ಅಂಕಿಗಳು ದೀಪದಿಂದ ದೂರ ಹೋದಂತೆ ಸರಾಗವಾಗಿ ಇಳಿದವು. ಪರಿವೀಕ್ಷಕರಿಗೆ ಸಂತೋಷವಾಯಿತು. ತರಗತಿಗೆ ಮರಳಿ ಕೂತು ಅವಳ ಪುಸ್ತಕ ತಿರುವುತ್ತ ಒಂದು ಪುಟದಲ್ಲಿ ನಿಂತರು.

"ಇಲ್ಲಿ ಒಂದೇ ಕಡೆ ನಲವತ್ತೊಂದು ಕಡಿಮೆ ಇದೆಯಲ್ಲಮ್ಮ. ನಾಲ್ಕು ದಿನ ಅದೇ ಅಂಕಿ. ಸ್ಥಳ ಅಂತ ಇರುವ ಕಡೆ 'ಹೇಳಲು ಒಪ್ಪಿಗೆ ಇಲ್ಲ' ಅಂತ ಬರೆದಿದ್ದೀಯ. ಯಾರ ಒಪ್ಪಿಗೆ?"

"ಅಲ್ಲಿ ನಿಂತವರದು ಸರ್."

"ಯಾರು ನಿಂತಿದ್ದರು?"

"ಅದಕ್ಕೂ ಒಪ್ಪಿಗೆ ಇಲ್ಲ ಸರ್."

ಅವರು ಹೆಡ್‌ಮಾಸ್ತರರ ಕಡೆ ನೋಡಿದರು. ಹೆಡ್‌ಮಾಸ್ತರರು ನನ್ನ ಕಡೆ ನೋಡಿದರು. "ಏನ್ರಿ ಟೀಚರ್, ಆ ಯಂತ್ರ ಕೆಟ್ಟದ ಅಂತ ನೀವ ಹೇಳಿದ್ರಲ್ಲ ಗುರುವಾರ?"

ಕಸ್ತೂರಿ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತ, ಸುಟ್ಟ ಬೆರಳನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. ನನ್ನನ್ನು ಕಾಪಾಡಲು ಅವಳು ತನ್ನ ಪುಸ್ತಕದಲ್ಲಿ ಒಂದು ಬಾಗಿಲು ಮುಚ್ಚಿದ್ದಳು. ಆದರೆ ತನ್ನ ಅಂಕಿ ಅಳಿಸಿರಲಿಲ್ಲ. ಅದಕ್ಕಿಂತ ಹೆಚ್ಚು ಅವಳಿಂದ ಕೇಳುವ ಹಕ್ಕು ನನಗಿರಲಿಲ್ಲ.

"ಕೆಟ್ಟಿರಲಿಲ್ಲ ಸರ್," ಎಂದೆ. "ಯಂತ್ರ ಸರಿ ಇತ್ತು. ನಾನು ಸುಳ್ಳ ಹೇಳಿದ್ದೆ."

"ಸುಳ್ಳ? ಯಾಕ?"

ಕೋಣೆಯಲ್ಲಿ ಐವತ್ತು ಜನ ಇದ್ದರು. ನಲವತ್ತೊಂಬತ್ತು ಜನ ಈ ಊರಿನವರು. ಉತ್ತರ ಕೊಡದೆ ನಿಂತೆ. ಹಾಲು ಉಕ್ಕುವಷ್ಟು ಹೊತ್ತಾದರೂ ನಿಂತಿರಬೇಕು. ಹೆಡ್‌ಮಾಸ್ತರರ ಮುಖದಲ್ಲಿ ಮೊದಲು ಸಿಟ್ಟಿತ್ತು, ಆಮೇಲೆ ಸಂಶಯ, ಆಮೇಲೆ ಏನನ್ನೋ ಥಟ್ಟನೆ ಕಂಡವರಂತೆ ಕಣ್ಣು ಕೆಳಗಿಳಿಸಿದರು. ಯಾರದೋ ನೆರಳನ್ನು ತುಳಿಯಲಿದ್ದವನು ಕಾಲು ಹಿಂದೆ ತೆಗೆದುಕೊಂಡಂತೆ.

"ಚಾ ಆರಿ ಹೊಂಟಾವ ಸರ್," ಎಂದರು ಪರಿವೀಕ್ಷಕರಿಗೆ. "ತಗೋರಿ."

ಪರಿವೀಕ್ಷಕರು ಚಹಾ ತೆಗೆದುಕೊಳ್ಳಲಿಲ್ಲ. ಡಬ್ಬಿಯನ್ನು ಎತ್ತಿಕೊಂಡು ಅಂಗಳಕ್ಕೆ ಹೋದರು. ನಾವೆಲ್ಲ ಬಾಗಿಲಿಗೆ ಬಂದೆವು. ಅವರು ಬಿಸಿಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಕೊಳವೆಯನ್ನು ಮೊದಲು ಬರಿ ನೆಲಕ್ಕೆ ಹಿಡಿದರು, ಆಮೇಲೆ ತಮ್ಮದೇ ಹಳೆಯ ನೆರಳಿಗೆ. ಅಂಕಿ ನೋಡಿದರು. ನೆರಳಿನ ಚೀಲಕ್ಕೆ ಹಿಡಿದರು, ಟೋಪಿಗೆ ಹಿಡಿದರು. ಐವತ್ತರ ಮೇಲಿನ ಆ ಮನುಷ್ಯ ಒಂದಿಷ್ಟು ಹೊತ್ತು ಎಂಟನೆಯ ತರಗತಿಯ ಹುಡುಗನಂತೆ ಅಂಗಳವೆಲ್ಲ ಅಳೆದರು. ಕೊನೆಗೆ ಎದ್ದು ಬಂದು ಡಬ್ಬಿಯನ್ನು ಕಸ್ತೂರಿಯ ಎರಡೂ ಕೈಗಳಲ್ಲಿ ಇಟ್ಟರು.

"ನಿನ್ನ ಯಂತ್ರ ಸರಿಯಾಗಿದೆಯಮ್ಮ," ಎಂದರು. "ಆ ಪುಟವೂ ಸರಿಯಾಗಿದೆ."

"ಮೂರು ಸಲ ಬಿಚ್ಚಿದ್ದೆ ಸರ್," ಎಂದಳು ಕಸ್ತೂರಿ. "ಮೂರೂ ಸಲ ಸರೀನ ಇತ್ತು."

ಅವರು ಹೋದ ಮೇಲೆ ಹುಡುಗಿಯರು ತಂತಿ, ಬೋರ್ಡುಗಳನ್ನೆಲ್ಲ ಪೆಟ್ಟಿಗೆಗೆ ತುಂಬುತ್ತಿದ್ದರು. ನಾನು ಬಾಗಿಲ ಬಳಿ ನಿಂತಿದ್ದೆ. ಕಸ್ತೂರಿ ತಲೆ ಎತ್ತದೆ ಕೇಳಿದಳು, "ಅಕ್ಕೋರ, ಮುಂದಿನದು ಸಪ್ಪಳ ಅಳಿಯೂದು ಮಾಡಲೇನ್ರಿ?"

"ಮಾಡು. ಯಾಕ?"

"ಸಂದ್ಯಾಗ ನೆರಳ ಉಳದಾವಂದ್ರ, ನಿಂತವರು ಆಡಿದ್ದೂ ಉಳದಿರಬಹುದಲ್ರಿ. ಭಾಳ ಸಣ್ಣಗ. ಕಿವಿಗೆ ಕೇಳಲಾರದಷ್ಟು."

ಹನ್ನೊಂದು ವರ್ಷದಲ್ಲಿ ಅಲ್ಲಿ ನಾನು ಏನೇನು ಆಡಿದ್ದೆ? ಯಾರ ಹೆಸರು ಹಿಡಿದು ಬೈದಿದ್ದೆ, ಯಾವ ಹಾಡಿನ ಅರ್ಧ ಸಾಲು? ಅತ್ತೆ ಏನು ಆಡಿದ್ದಿರಬಹುದು? ಆ ಎತ್ತರದವಳು? ನಾನು ಇಲ್ಲವೆನ್ನಬೇಕಿತ್ತು. ಆದರೆ ಆ ಹೊತ್ತಿಗೆ ನನಗೂ ಕೇಳುವ ಆಸೆ ಹುಟ್ಟಿಬಿಟ್ಟಿತ್ತು.

"ಮಾಡು," ಎಂದೆ. "ಗ್ವಾಡಿಗೆ ಹಿಡಿಯೂ ಮದಲ ಕೇಳಬೇಕು."

"ಯಾರನ್ನ್ರಿ?"

"ನನ್ನನ್ನ. ಮನಿಗೆ ಬಂದು ನಮ್ಮ ಅತ್ತೀನ್ನ. ಉಳದಿಬ್ಬರನ್ನ ಹೆಂಗ ಕೇಳೂದಂತ ಇಬ್ಬರೂ ಕೂಡಿ ವಿಚಾರ ಮಾಡೂಣು."

ಅವಳು ಹೂಂ ಎಂದು ಪುಸ್ತಕ ತೆರೆದು, ಹೊಸ ಪುಟದ ಮೇಲೆ ಗೆರೆ ಎಳೆಯತೊಡಗಿದಳು. ಬಿಡುವಿನ ಗಂಟೆ ಹೊಡೆಯಿತು. ನಾನು ಎಲ್ಲರ ಎದುರಿಗೇ ವರಾಂಡ ಇಳಿದು, ಅಂಗಳ ದಾಟಿ, ಗಿರಣಿಯ ಸಂದಿಯ ಕಡೆ ಹೊರಟೆ. ನಿಧಾನವಾಗಿಯೇ ನಡೆದೆ.